ದೇಶೀಯತ್ವದ ಪ್ರಾರ್ಥನಾಪತ್ರ: ಮಾನ್ಯಖೇಟದಿಂದ ಮುಲ್ಕಿಯವರೆಗೆ

೧. ವಿಷಯೋಪಕ್ರಮ

ಪರಸ್ಥಳದಿಂದ ಬಂದು ಒಂದು ನಾಡಿನಲ್ಲಿ ನೆಲೆಸಿದ ಮನುಷ್ಯನು ಯಾವಾಗ, ಯಾವ ಕ್ರಮದಿಂದ, ಯಾವ ಪ್ರಮಾಣಗಳ ಬಲದಿಂದ ಆ ನಾಡಿನವನೇ ಎನ್ನಿಸಿಕೊಳ್ಳುತ್ತಾನೆಂಬದು ರಾಜ್ಯಶಾಸ್ತ್ರದ ಪುರಾತನ ಪ್ರಶ್ನೆಗಳಲ್ಲೊಂದು. ಇಂದಿನ ಕಾನೂನು ಇದನ್ನು ದೇಶೀಕರಣವೆಂದು ಕರೆಯುತ್ತದೆ. ಅದಕ್ಕಾಗಿ ಸಲ್ಲಿಸುವ ಅರ್ಜಿಗೆ ನಿಯತವಾದ ನಮೂನೆಯುಂಟು, ಲಗತ್ತಿಸಬೇಕಾದ ಪತ್ರಗಳುಂಟು, ವಿಚಾರಣೆಯ ಕ್ರಮವುಂಟು. ಈ ಕಲ್ಪನೆಯು ಪಾಶ್ಚಾತ್ಯ ನ್ಯಾಯಪದ್ಧತಿಯೊಡನೆ ನಮ್ಮಲ್ಲಿಗೆ ಬಂದುದೆಂದು ಅನೇಕರು ಭಾವಿಸಿರುತ್ತಾರೆ. ಹೆಸರು ಹೊಸದೆಂಬದು ನಿಜ. ಆದರೆ ಅದರೊಳಗಿನ ವಿಚಾರವು ನಮ್ಮ ನಾಡಿಗೆ ಹೊಸದಲ್ಲವೆಂಬದನ್ನು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಭಾಗದ ಚರಿತ್ರೆಯಿಂದಲೇ ತೋರಿಸಬಹುದಾಗಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಸುತ್ತಲಿನ ಪ್ರದೇಶವನ್ನು ಈ ವಿಚಾರಕ್ಕಾಗಿ ಆರಿಸಿಕೊಂಡುದಕ್ಕೆ ಕಾರಣಗಳಿವೆ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾದ ಮರತೂರು ಶಹಾಬಾದದ ನೆರೆಯಲ್ಲಿದೆ. ಎರಡು ರೈಲುಮಾರ್ಗಗಳು ಕೂಡುವ ವಾಡಿಯು ನಾನಾದೇಶದ ಜನರು ಬಂದಿಳಿದ ಸ್ಥಳ. ಇವೆಲ್ಲಕ್ಕೂ ಮಿಗಿಲಾಗಿ, ೧೯೪೮ನೆಯ ಸಪ್ಟೆಂಬರದವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿ 'ಮುಲ್ಕಿ' ಎಂಬ ಹೆಸರಿನಿಂದ ದೇಶೀಯತ್ವವನ್ನು ಪಡೆಯುವ ಲಿಖಿತ ನಿಯಮಗಳು ಆಚರಣೆಯಲ್ಲಿದ್ದವು.

ಈ ದೀರ್ಘಕಾಲದಲ್ಲಿ ಪ್ರಭುತ್ವಗಳು ಬದಲಾದವು, ಭಾಷೆಗಳು ಬದಲಾದವು. ಆದರೆ ಬಂದವನಿಗೆ ಕೇಳಲ್ಪಟ್ಟ ಪ್ರಶ್ನೆಗಳು ಮೂರೇ. ಎಲ್ಲಿಂದ ಬಂದವನು? ಎಷ್ಟು ಕಾಲದಿಂದ ಇಲ್ಲಿರುವನು? ಮರಳಿ ಹೋಗುವ ಸಂಕಲ್ಪವುಂಟೋ ಇಲ್ಲವೋ? ಈ ಮೂರಕ್ಕೂ ಪರಸ್ಪರ ವಿರೋಧವಿಲ್ಲದ ಉತ್ತರವನ್ನು ಪ್ರಮಾಣಸಹಿತವಾಗಿ ಕೊಡುವ ಪ್ರಾರ್ಥನಾಪತ್ರವೇ ಬಲವಾದುದು. ಮತ್ತು ಹೀಗೆ ಸಿದ್ಧವಾದ ವಾಸಮೂಲಕ ಹಕ್ಕು ಜನ್ಮಮೂಲಕ ಹಕ್ಕಿಗಿಂತ ಕೀಳಾದುದಲ್ಲ. ಇದೇ ಈ ಲೇಖನದ ಪ್ರತಿಪಾದ್ಯ ವಿಷಯ.

೨. ಶಾಸನಗಳಲ್ಲಿ 'ವಿನಿರ್ಗತ' ಮತ್ತು 'ವಾಸ್ತವ್ಯ'

ಪ್ರಾಚೀನ ತಾಮ್ರಪಟಗಳಲ್ಲಿ ದಾನ ಪಡೆದವನ ವರ್ಣನೆಯು ಒಂದು ನಿಯತ ಕ್ರಮದಲ್ಲಿರುತ್ತದೆ. ಅವನ ಗೋತ್ರ, ಶಾಖೆ, ತಂದೆಯ ಹೆಸರು ಇವುಗಳ ಜೊತೆಗೆ ಅವನು ಯಾವ ಸ್ಥಳದಿಂದ 'ವಿನಿರ್ಗತ'ನು, ಅಂದರೆ ಹೊರಟು ಬಂದವನು, ಮತ್ತು ಈಗ ಯಾವ ಸ್ಥಳದಲ್ಲಿ 'ವಾಸ್ತವ್ಯ'ನು, ಅಂದರೆ ನೆಲೆಸಿದವನು, ಎಂಬ ಎರಡು ಸಂಗತಿಗಳು ಅನೇಕ ಪಟಗಳಲ್ಲಿ ಉಕ್ತವಾಗಿರುತ್ತವೆ. ಇದನ್ನು ಕೇವಲ ಅಲಂಕಾರವೆಂದು ತಿಳಿಯತಕ್ಕದ್ದಲ್ಲ. ದಾನಭೂಮಿಯ ಮೇಲೆ ಮುಂದೆ ವಿವಾದ ಬಂದರೆ, ದಾನ ಪಡೆದವನು ಇವನೇ, ಬೇರೊಬ್ಬನಲ್ಲ ಎಂಬದನ್ನು ಗೊತ್ತುಪಡಿಸುವ ಸಾಧನವದು. ಇಂದಿನ ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಪೂರ್ವದ ವಾಸಸ್ಥಾನ, ಪ್ರಸ್ತುತ ವಾಸಸ್ಥಾನ ಎಂಬ ಅಂಕಣಗಳು ಮಾಡುವ ಕೆಲಸವೂ ಇದೇ ಆಗಿದೆ.

ಶಕ ೮೫೨, ಅಂದರೆ ಕ್ರಿ.ಶ. ೯೩೦ರಲ್ಲಿ ರಾಷ್ಟ್ರಕೂಟ ನಾಲ್ಕನೆಯ ಗೋವಿಂದನು ಕೊಟ್ಟ, ಖಂಭಾತದಲ್ಲಿ ದೊರೆತ ತಾಮ್ರಪಟಗಳು ಇಲ್ಲಿ ಉತ್ತಮ ಉದಾಹರಣೆಯಾಗಿವೆ. ಅವುಗಳಲ್ಲಿ ದಾನ ಪಡೆದ ನಾಗಮಾರ್ಯನು ಲಾಟದೇಶದ ಕಾವಿಕೆಯಿಂದ ಹೊರಟು ಬಂದವನು, ವಾಸವಾಗಿದ್ದುದು ಮಾನ್ಯಖೇಟದಲ್ಲಿ. ಲಾಟವೆಂದರೆ ಇಂದಿನ ದಕ್ಷಿಣ ಗುಜರಾತ. ನರ್ಮದೆಯ ಸೀಮೆಯಿಂದ ಕಾಗಿಣೆಯ ತೀರಕ್ಕೆ ಬಂದ ಒಬ್ಬ ವಿದ್ವಾಂಸನ ಮೂಲಸ್ಥಾನವನ್ನು ಶಾಸನವು ಮರೆಮಾಚಲಿಲ್ಲ. ಅದನ್ನು ಹೇಳಿದ್ದರಿಂದ ಅವನ ಮಾನ್ಯಖೇಟದ ವಾಸಕ್ಕೆ ಕುಂದೂ ಬರಲಿಲ್ಲ. ಮೂಲಸ್ಥಾನದ ಸತ್ಯವಾದ ಉಕ್ತಿಯು ಹೊಸ ನೆಲೆಯ ಹಕ್ಕಿಗೆ ವಿರೋಧಿಯಲ್ಲ, ಪೋಷಕವೇ ಎಂಬ ನ್ಯಾಯವು ಇದರಿಂದ ಹೊರಡುತ್ತದೆ.

ಇದಕ್ಕಿಂತಲೂ ವಿಶೇಷವಾದುದು ಶಕ ೮೪೮ರ, ಎಂದರೆ ಕ್ರಿ.ಶ. ೯೨೬ರ, ಚಿಂಚಣಿಯ ತಾಮ್ರಪಟ. ಕೃಷ್ಣರಾಜನು ಸಂಯಾನಮಂಡಲದ ಆಡಳಿತವನ್ನು ಮಧುಮತಿಯೆಂಬ ತಾಜಿಕನಿಗೆ ಒಪ್ಪಿಸಿದ್ದನೆಂದು ಅದು ತಿಳಿಸುತ್ತದೆ. ತಾಜಿಕರೆಂದರೆ ಅರಬರು, ಮಧುಮತಿಯೆಂಬದು ಮಹಮ್ಮದ ಎಂಬ ಹೆಸರಿನ ಸಂಸ್ಕೃತರೂಪವೆಂದು ಸಂಶೋಧಕರು ನಿರ್ಣಯಿಸಿದ್ದಾರೆ. ಮಾನ್ಯಖೇಟದಿಂದ ಆಳುತ್ತಿದ್ದ ಅರಸನು ಪಶ್ಚಿಮಸಮುದ್ರತೀರದ ಒಂದು ಮಂಡಲವನ್ನು ಅರಬ ಕುಲದವನ ಕೈಗೆ ಕೊಟ್ಟನು. ಆ ಅಧಿಕಾರಿಯು ಅಲ್ಲಿಯ ದೇವೀಮಠಕ್ಕೆ ದಾನ ಸಲ್ಲುವಂತೆ ನಡೆದುಕೊಂಡನು. ಅದೇ ಶತಮಾನದ ಅರಬ ಗ್ರಂಥಕಾರ ಮಸೂದಿಯು ಮಾನ್ಯಖೇಟವನ್ನು ಮಾಂಕೀರವೆಂದೂ ಅದರ ಅರಸನನ್ನು ಬಲ್ಹರಾ ಎಂದೂ ಹೆಸರಿಸಿ, ತನ್ನ ಧರ್ಮದವರು ಆ ರಾಜ್ಯದಲ್ಲಿ ರಕ್ಷಣೆ ಪಡೆದಿದ್ದರೆಂದು ಬರೆದಿರುವದು ಈ ಶಾಸನದ ಸಂಗತಿಗೆ ಹೊಂದಿಕೆಯಾಗುತ್ತದೆ.

ಹೊರಗಿನವರನ್ನು ತಂದು ನೆಲೆಗೊಳಿಸುವದು ಅರಸನ ಕರ್ತವ್ಯಗಳಲ್ಲೊಂದೆಂದು ಕೌಟಿಲ್ಯನೂ ಜನಪದನಿವೇಶದ ಪ್ರಕರಣದಲ್ಲಿ ಹೇಳಿದ್ದಾನೆ. ಚಿತ್ತಾಪುರ ತಾಲೂಕಿನ ನಾಗಾವಿಯ ಘಟಿಕಾಸ್ಥಾನವು ಇಂಥ ನಿವೇಶಕ್ಕೆ ಒಳ್ಳೆಯ ನಿದರ್ಶನ. ಕ್ರಿ.ಶ. ೧೦೫೮ರ ಅಲ್ಲಿಯ ಶಾಸನದಲ್ಲಿ ೨೦೦ ವೇದಾಧ್ಯಾಯಿಗಳಿಗೂ ೫೨ ಶಾಸ್ತ್ರಾಧ್ಯಾಯಿಗಳಿಗೂ ಅವರ ಉಪಾಧ್ಯಾಯರಿಗೂ ಗ್ರಂಥಭಾಂಡಾರವನ್ನು ನೋಡಿಕೊಳ್ಳುವವರಿಗೂ ವ್ಯವಸ್ಥೆ ಹೇಳಿದೆ. ಇಷ್ಟು ಜನರ ಅನ್ನವಸ್ತ್ರಕ್ಕೆ ಭೂಮಿ ಬಿಟ್ಟ ಸ್ಥಾನವು ಹೊರಗಿನಿಂದ ಬಂದವರನ್ನು ಊರಿನವರನ್ನಾಗಿ ಮಾಡುವ ಒಂದು ದ್ವಾರವೇ ಆಗಿರುತ್ತದೆ.

೩. ಮಿತಾಕ್ಷರೆಯ ಪ್ರಮಾಣತ್ರಯ

ಅರ್ಜಿಯ ಬಲಾಬಲವನ್ನು ತೂಗುವ ತಕ್ಕಡಿಯು ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿದೆ. ದೇಶೀಕರಣದ ಪ್ರಕರಣವು ಸ್ಮೃತಿಗಳಲ್ಲಿ ಪ್ರತ್ಯೇಕವಾಗಿ ಇಲ್ಲವೆಂಬದು ಸರಿಯೇ. ಆದರೆ ಹಕ್ಕನ್ನು ಸಾಧಿಸುವ ಕ್ರಮವು ಅಲ್ಲಿ ಸಾಂಗವಾಗಿ ಉಕ್ತವಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಾಡಿದ ವಿವರಣೆಯಿಂದ ನಮಗೆ ಬೇಕಾದಷ್ಟನ್ನು ಸಂಗ್ರಹಿಸಿ ಹೇಳುವೆನು.

ಮಾನುಷ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಲಿಖಿತವೆಂದರೆ ಪತ್ರ, ಭುಕ್ತಿಯೆಂದರೆ ಅನುಭೋಗ, ಸಾಕ್ಷಿಯೆಂದರೆ ಕಂಡು ಕೇಳಿದ ಮನುಷ್ಯ. ವಾಸದ ವಿಷಯಕ್ಕೆ ಇವನ್ನು ಅನ್ವಯಿಸಿದರೆ, ಮನೆಯ ಪಟ್ಟಿ, ಪಹಣಿ, ಶಾಲೆಯ ದಾಖಲೆ ಮುಂತಾದವು ಲಿಖಿತ; ನಿಜವಾಗಿ ಆ ಊರಿನಲ್ಲಿ ಕಳೆದ ವರ್ಷಗಳು ಭುಕ್ತಿ; ನೆರೆಹೊರೆಯವರು ಸಾಕ್ಷಿ. ಆಗಮ, ಅಂದರೆ ಹಕ್ಕಿನ ಮೂಲ, ಅನುಭೋಗಕ್ಕಿಂತ ಅಧಿಕವೆಂದೂ, ಪೂರ್ವಿಕರಿಂದ ಕ್ರಮವಾಗಿ ಬಂದ ಅನುಭೋಗಕ್ಕೆ ಮಾತ್ರ ಈ ನಿಯಮವು ತಗಲದೆಂದೂ ಯಾಜ್ಞವಲ್ಕ್ಯನ ನಿರ್ಣಯ. ಒಡೆಯನು ನೋಡುತ್ತಿದ್ದು ಆಕ್ಷೇಪಿಸದಿದ್ದರೆ ಭೂಮಿಗೆ ೨೦ ವರ್ಷ, ಇತರ ಧನಕ್ಕೆ ೧೦ ವರ್ಷಗಳ ಅನುಭೋಗದಿಂದ ಹಾನಿಯಾಗುವದೆಂಬ ವಚನವನ್ನು ವಿಜ್ಞಾನೇಶ್ವರನು ಬಹು ಎಚ್ಚರದಿಂದ ವ್ಯಾಖ್ಯಾನಿಸಿ, ಹಾನಿಯು ಫಲಕ್ಕೇ ಹೊರತು ಸ್ವಾಮ್ಯಕ್ಕಲ್ಲವೆಂದು ನಿಲ್ಲಿಸಿದ್ದಾನೆ. ಕಾಲಗಣನೆಯೊಂದರಿಂದಲೇ ಹಕ್ಕು ಹುಟ್ಟುವದೆಂದು ಹೇಳಲು ಅವನಿಗೆ ಮನಸ್ಸಿಲ್ಲ. ವರ್ಷಗಳ ಜೊತೆಗೆ ಒಂದು ನ್ಯಾಯವಾದ ಮೂಲವೂ ಇರಬೇಕು. ದೇಶೀಯತ್ವದಲ್ಲಿ ಆ ಮೂಲವು ಯಾವುದೆಂಬದನ್ನು ಮುಂದೆ ನೋಡುವೆವು.

ಮನವಿಯ ಬರವಣಿಗೆಗೂ ಲಕ್ಷಣಗಳಿವೆ. ಅದರಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮುಂತಾದ ಗುರುತುಗಳಿರಬೇಕು. ಈ ಲಕ್ಷಣಗಳಿಲ್ಲದ ಮನವಿಯು ಪಕ್ಷವಲ್ಲ, ಪಕ್ಷಾಭಾಸ. ಅಪ್ರಸಿದ್ಧ, ನಿರಾಬಾಧ, ನಿರರ್ಥ, ನಿಷ್ಪ್ರಯೋಜನ, ಅಸಾಧ್ಯ, ವಿರುದ್ಧ ಎಂದು ಇವುಗಳ ಭೇದಗಳು. ಇವುಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುತ್ತವೆ. ಊರಿನಲ್ಲಿ ಯಾರಿಗೂ ತಿಳಿಯದ ವಾಸವನ್ನು ಹೇಳಿಕೊಳ್ಳುವದು ಅಪ್ರಸಿದ್ಧ. ಕೇಳದ ಪ್ರಶಂಸಾಪತ್ರಗಳನ್ನು ರಾಶಿ ಹಾಕುವದು ನಿಷ್ಪ್ರಯೋಜನ. ಒಂದು ಪತ್ರದ ದಿನಾಂಕವು ಇನ್ನೊಂದನ್ನು ಅಲ್ಲಗಳೆದರೆ ಅದು ವಿರುದ್ಧ.

ಸಾಕ್ಷಿಗಳು ಸಾಮಾನ್ಯವಾಗಿ ಮೂವರಿಗೆ ಕಡಮೆಯಿರಬಾರದು. ಸತ್ಯವಾದಿಗಳೂ ಋಜುಸ್ವಭಾವದವರೂ ಆಗಿರಬೇಕು. ಪತ್ರವು ದೇಶಾಂತರದಲ್ಲಿದ್ದರೆ, ಸುಟ್ಟರೆ, ಹರಿದರೆ, ಕಳವಾದರೆ ಬೇರೊಂದನ್ನು ಮಾಡಿಸತಕ್ಕದ್ದೆಂಬ ವಿಧಿಯೂ ಉಂಟು. ಹುಟ್ಟೂರಿನ ಪತ್ರಗಳು ಪರದೇಶದಲ್ಲಿ ಉಳಿದುಹೋದ ಮನುಷ್ಯನಿಗೆ ಈ ವಿಧಿಯು ಎಷ್ಟು ಉಪಕಾರಕವೆಂಬದನ್ನು ವಾಚಕರೇ ಊಹಿಸಬಹುದು. ಪತ್ರವಿಲ್ಲವೆಂಬುದರಿಂದಲೇ ಸಂಗತಿಯಿಲ್ಲವೆಂದು ನಮ್ಮ ಶಾಸ್ತ್ರಕಾರರು ಹೇಳಲಿಲ್ಲ.

೪. ಮುಲ್ಕಿ ನಿಯಮಗಳ ಹುಟ್ಟು ಮತ್ತು ಸ್ವರೂಪ

ಕ್ರಿ.ಶ. ೧೩೪೭ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾಯಿತು. ಆ ರಾಜ್ಯದಲ್ಲಿ ಇರಾನ, ಅರಬಸ್ಥಾನ ಮುಂತಾದ ಕಡೆಗಳಿಂದ ಬಂದ ಆಫಾಕಿಗಳಿಗೂ ಮೊದಲಿನಿಂದ ನೆಲೆಸಿದ ದಖನಿಗಳಿಗೂ ನಡೆದ ಕಲಹವು ಪ್ರಸಿದ್ಧವಾಗಿದೆ. ಗೀಲಾನದಿಂದ ಬಂದು ಮಂತ್ರಿಪದವಿಗೇರಿದ ಮಹಮೂದ ಗವಾನನು ೧೪೮೧ರಲ್ಲಿ ಈ ವೈರಕ್ಕೆ ಬಲಿಯಾದನು. ಬಂದವನು ಯಾವಾಗ ನಾಡಿನವನಾದನೆಂದು ಹೇಳುವ ನಿಯಮವಿರಲಿಲ್ಲ; ನಿಯಮವಿಲ್ಲದ ಕಡೆಯಲ್ಲಿ ಪಕ್ಷದ ಬಲವೇ ನಿಯಮವಾಯಿತು.

ನಾಲ್ಕು ಶತಮಾನಗಳ ತರುವಾಯ ಅದೇ ಪ್ರಶ್ನೆಯು ಹೈದರಾಬಾದದಲ್ಲಿ ಬೇರೊಂದು ವೇಷದಲ್ಲಿ ತಲೆದೋರಿತು. ೧೮೫೩ರಲ್ಲಿ ದಿವಾನನಾದ ಮೊದಲನೆಯ ಸಾಲಾರ ಜಂಗನು ಆಡಳಿತವನ್ನು ಸುಧಾರಿಸುವದಕ್ಕಾಗಿ ಉತ್ತರ ಹಿಂದುಸ್ಥಾನದ ಶಿಕ್ಷಿತರನ್ನು ಕರೆಯಿಸಿಕೊಂಡನು. ೧೮೮೦ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಸರಕಾರೀ ಭಾಷೆಯಾಯಿತು. ಬಂದವರಿಗೆ ಇದು ಅನುಕೂಲವಾಯಿತು. ಸ್ಥಳಿಕರಿಗೆ ನೌಕರಿಗಳು ತಪ್ಪಿದವು. ಕನ್ನಡ, ತೆಲುಗು, ಮರಾಠಿಗಳನ್ನಾಡುವ ಪ್ರಜೆಗಳಂತೂ ಎರಡು ಬಗೆಯಲ್ಲಿ ಹಿಂದೆ ಬಿದ್ದರು. ಸ್ಥಳಿಕರಿಗೆ ಆದ್ಯತೆ ಕೊಡಬೇಕೆಂಬ ಆಜ್ಞೆಗಳು ಆ ಶತಮಾನದ ಕೊನೆಗೇ ಹೊರಟವು. ಅವುಗಳಿಗೆ ಪೂರ್ಣ ರೂಪವು ಬಂದುದು ಹಿಜರಿ ೧೩೩೭ನೆಯ ರಂಜಾನ ತಿಂಗಳ ಫರಮಾನದಿಂದ, ಅದು ಕ್ರಿ.ಶ. ೧೯೧೯ಕ್ಕೆ ಸರಿಯಾಗುತ್ತದೆ. ಹೈದರಾಬಾದ ಸಿವಿಲ್ ಸರ್ವಿಸ್ ನಿಬಂಧನೆಗಳಲ್ಲಿ ಸೇರಿದ ಆ ನಿಯಮಗಳ ಪ್ರಕಾರ, ನಿಜಾಮರ ಮಂಜೂರಾತಿಯಿಲ್ಲದೆ ಮುಲ್ಕಿಯಲ್ಲದವನನ್ನು ಮೇಲಿನ ನೌಕರಿಗಾಗಲಿ ಕೆಳಗಿನ ನೌಕರಿಗಾಗಲಿ ನೇಮಿಸುವಂತಿರಲಿಲ್ಲ.

ಮುಲ್ಕಿಯು ನಾಲ್ಕು ಬಗೆಯಿಂದ ಆಗುತ್ತಿದ್ದನು. ಜನ್ಮದಿಂದ ಹೈದರಾಬಾದದ ಪ್ರಜೆಯಾದವನು ಒಬ್ಬನು. ವಾಸದಿಂದ ಆ ಹಕ್ಕನ್ನು ಸಂಪಾದಿಸಿದವನು ಎರಡನೆಯವನು. ಯಾವನ ತಂದೆಯು ೧೫ ವರ್ಷಗಳ ಸೇವೆಯನ್ನು ಪೂರೈಸಿ ಮಗನು ಹುಟ್ಟಿದಾಗ ಸರಕಾರದ ನೌಕರಿಯಲ್ಲಿದ್ದನೋ ಅವನು ಮೂರನೆಯವನು. ಮುಲ್ಕಿಯ ಹೆಂಡತಿಯು ನಾಲ್ಕನೆಯವಳು. ಎರಡನೆಯ ಬಗೆಯೇ ನಮಗೆ ಮುಖ್ಯ. ಸಂಸ್ಥಾನದಲ್ಲಿ ಕನಿಷ್ಠ ೧೫ ವರ್ಷ ಸ್ಥಿರವಾಗಿ ವಾಸಿಸಿರಬೇಕು. ಹಿಂದಿನ ವಾಸಸ್ಥಳಕ್ಕೆ ಮರಳುವ ವಿಚಾರವನ್ನು ಬಿಟ್ಟಿರಬೇಕು. ಈ ಅರ್ಥದ ಹಲಫನಾಮೆಯನ್ನು ನಿಯತ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟನ ದೃಢೀಕರಣ ಪಡೆದಿರಬೇಕು.

ಇಲ್ಲಿ ಶಾಸನಗಳ ಭಾಷೆಯು ಹೊಸ ರೂಪದಲ್ಲಿ ಮರಳಿ ಬಂದಿರುವದನ್ನು ಗಮನಿಸಬೇಕು. ಹಿಂದಿನ ವಾಸಸ್ಥಳವೆಂಬದು 'ವಿನಿರ್ಗತ'ವನ್ನು ಹೇಳುತ್ತದೆ; ೧೫ ವರ್ಷಗಳ ಸ್ಥಿರವಾಸವು 'ವಾಸ್ತವ್ಯ'ವನ್ನು ಹೇಳುತ್ತದೆ. ಮರಳದಿರುವ ಸಂಕಲ್ಪವೇ ಹೊಸದಾಗಿ ಸೇರಿದ ಅಂಗ. ವಿಜ್ಞಾನೇಶ್ವರನು ಭುಕ್ತಿಗೆ ಮೂಲವಾಗಿ ಬೇಡಿದ ಆಗಮವು ದೇಶೀಯತ್ವದಲ್ಲಿ ಈ ಸಂಕಲ್ಪವೇ ಎಂದು ನನ್ನ ಮತ. ಸಂಕಲ್ಪವಿಲ್ಲದ ೧೫ ವರ್ಷಗಳು ಪ್ರವಾಸಿಯ ವರ್ಷಗಳು. ಸಂಕಲ್ಪವಿದ್ದ ೧೫ ವರ್ಷಗಳು ಗೃಹಸ್ಥನ ವರ್ಷಗಳು.

೫. ಕಾಗಿಣಾ ತೀರದಲ್ಲಿ ಈ ನಿಯಮಗಳ ಪರಿಣಾಮ

ನಿಯಮವು ಕಾಗದದ ಮೇಲೆ ಸಮವಾಗಿತ್ತು. ನೆಲದ ಮೇಲೆ ಅದರ ಭಾರವು ಬೇರೆ ಬೇರೆಯಾಗಿ ಬಿದ್ದಿತು. ಮೊದಲನೆಯದಾಗಿ ಗಡಿಯನ್ನು ನೋಡಿರಿ. ಭೀಮೆಯ ಆಚೆಯ ವಿಜಾಪುರ ಜಿಲ್ಲೆಯೂ ಅದಕ್ಕೆ ತಾಗಿದ ಸೊಲ್ಲಾಪುರವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಂದ ಚಿತ್ತಾಪುರಕ್ಕೆ ಬಂದ ಕನ್ನಡಿಗನು ಭಾಷೆ, ಆಚಾರ, ನಂಟಸ್ತನಗಳಲ್ಲಿ ಇಲ್ಲಿಯವನೇ ಆಗಿದ್ದರೂ ನಿಯಮದಲ್ಲಿ ಗೈರಮುಲ್ಕಿ. ದೂರದ ಔರಂಗಾಬಾದದಿಂದಲೋ ವರಂಗಲ್ಲಿನಿಂದಲೋ ಬಂದು ಕನ್ನಡದ ಒಂದು ಮಾತನ್ನೂ ಅರಿಯದವನು ಮುಲ್ಕಿ. ಗಡಿಯಾಚೆಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳು ಮದುವೆಯ ದಿನವೇ ಮುಲ್ಕಿಯಾಗುವಳು. ಅವಳ ಒಡಹುಟ್ಟಿದವನು ಅದೇ ಊರಿಗೆ ಮಾಸ್ತರನಾಗಿ ಬಂದರೆ ೧೫ ವರ್ಷ ಕಾಯಬೇಕು. ಪ್ರಭುತ್ವದ ಗಡಿಯೂ ಭಾಷೆಯ ಗಡಿಯೂ ಒಂದಾಗದಿದ್ದಾಗ ಇಂಥ ವೈಪರೀತ್ಯಗಳು ತಪ್ಪುವದಿಲ್ಲ. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ, ಬೇರೆ ಬೇರೆ ಪ್ರಭುತ್ವಗಳ ಪ್ರಜೆಗಳು ಒಂದೇ ಭಾಷೆಯ ಮನೆಯಲ್ಲಿ ಕೂಡಿದಂತಾಯಿತು.

ಎರಡನೆಯದು ರೈಲುಮಾರ್ಗ. ಸೊಲ್ಲಾಪುರದ ಕಡೆಯಿಂದ ಬಂದ ಜಿ. ಐ. ಪಿ. ರೈಲು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾಯ್ದು ಹೈದರಾಬಾದಕ್ಕೆ ಹೋಗುವ ನಿಜಾಮ ಸಂಸ್ಥಾನದ ಮಾರ್ಗವು ತೆರೆಯಿತು. ರೈಲುಭೂಮಿಯ ಮೇಲೆ ಬ್ರಿಟಿಶ್ ಸರಕಾರಕ್ಕೆ ಕೆಲವು ಅಧಿಕಾರಗಳನ್ನು ನಿಜಾಮರು ಬಿಟ್ಟುಕೊಟ್ಟಿದ್ದರು. ಹಾಗಾದರೆ ನಿಲ್ದಾಣದ ಕಟ್ಟೆಯ ಮೇಲೆ ನಿಂತ ಮನುಷ್ಯನು ಯಾರ ನೆಲದಲ್ಲಿದ್ದಾನೆ? ೧೮೯೭ರಲ್ಲಿ ಯೂಸುಫುದ್ದೀನ ಎಂಬವನ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಸಿಮ್ಲಾದ ವಾರಂಟಿನಿಂದ ನಿಜಾಮ ರಾಜ್ಯದ ರೈಲು ನಿಲ್ದಾಣದಲ್ಲಿ ಮಾಡಿದ ಆ ಬಂಧನವು ನ್ಯಾಯಬಾಹಿರವೆಂದೂ, ಬಿಟ್ಟುಕೊಟ್ಟ ಅಧಿಕಾರವು ರೈಲಿನ ವ್ಯವಹಾರಕ್ಕೆ ಮಾತ್ರ ಸೀಮಿತವೆಂದೂ ತೀರ್ಪಾಯಿತು. ನೆಲವು ನಿಜಾಮರದಾಗಿಯೇ ಉಳಿದಿದ್ದರಿಂದ, ವಾಡಿಯ ರೈಲು ವಸತಿಯಲ್ಲಿ ಕಳೆದ ವರ್ಷಗಳನ್ನೂ ಸಂಸ್ಥಾನದ ವಾಸವೆಂದೇ ಎಣಿಸಬೇಕಾದುದು ಈ ತೀರ್ಪಿನ ನ್ಯಾಯಕ್ಕೆ ಒಪ್ಪುವ ಸಂಗತಿ.

ಮೂರನೆಯದು ಕಲ್ಲು ಮತ್ತು ಸಿಮೆಂಟು. ಶಹಾಬಾದದ ಹಾಸುಗಲ್ಲಿನ ಗಣಿಗಳೂ, ೧೯೨೦ರ ದಶಕದಲ್ಲಿ ಅಲ್ಲಿ ಎದ್ದ ಸಿಮೆಂಟು ಕಾರಖಾನೆಯೂ, ಸ್ವಾತಂತ್ರ್ಯಾನಂತರ ವಾಡಿ, ಸೇ​ಡಂಗಳಲ್ಲಿ ಬಂದ ಕಾರಖಾನೆಗಳೂ ಹಲವು ಸೀಮೆಗಳ ದುಡಿಮೆಗಾರರನ್ನು ಎಳೆದುಕೊಂಡವು. ಕಾರಖಾನೆಯ ಹಾಜರಿಪಟ್ಟಿಯಲ್ಲಿ ಹೆಸರಿದ್ದ ಗುಮಾಸ್ತನಿಗೆ ಲಿಖಿತವಿತ್ತು. ಗಣಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕಲ್ಲು ಸೀಳಿದವನಿಗೆ ಭುಕ್ತಿಯಿತ್ತು, ಸಾಕ್ಷಿಯಿತ್ತು, ಲಿಖಿತವಿರಲಿಲ್ಲ. ಚಿಂಚೋಳಿಯ ಗುಡ್ಡಗಾಡಿನ ಲಂಬಾಣಿ ತಾಂಡೆಗಳ ಸ್ಥಿತಿಯೂ ಇಂಥದೇ. ತಲೆಮಾರುಗಳಿಂದ ಅಲ್ಲಿದ್ದವರು ಸುಗ್ಗಿ ಮುಗಿದ ಮೇಲೆ ದುಡಿಮೆಗೆ ದೂರ ಹೋಗುವರು, ಮರಳಿ ಬರುವರು. ಅವರ ವಾಸವು ನಿಜ. ಆದರೆ ಅವರ ಮನೆಗಳು ದಫ್ತರಿನಲ್ಲಿ ಊರೆಂದು ದಾಖಲಾಗಿರಲಿಲ್ಲ.

ಇದಕ್ಕೆ ವಿಪರೀತವಾಗಿ, ಭುಕ್ತಿಯಿಲ್ಲದೆ ಲಿಖಿತವನ್ನು ಸಂಪಾದಿಸಿದವರೂ ಇದ್ದರು. ಪೋಲೀಸ ಕಾರ್ಯಾಚರಣೆಯ ತರುವಾಯ ಹೊರಗಿನವರು ಸುಳ್ಳು ಮುಲ್ಕಿ ಪತ್ರಗಳಿಂದ ನೌಕರಿ ಪಡೆಯುತ್ತಿದ್ದಾರೆಂಬ ದೂರು ಸಂಸ್ಥಾನದಲ್ಲೆಲ್ಲ ಹಬ್ಬಿತು. ೧೯೫೨ರಲ್ಲಿ ವರಂಗಲ್ಲಿನಿಂದ ಮೊದಲಾದ ವಿದ್ಯಾರ್ಥಿಗಳ ಚಳುವಳಿಯು ಹೈದರಾಬಾದಕ್ಕೆ ಹಬ್ಬಿ, ಸಪ್ಟೆಂಬರದಲ್ಲಿ ಸಿಟಿ ಕಾಲೇಜಿನ ಬಳಿಯಲ್ಲಿ ಗೋಲೀಬಾರಾಗಿ ಪ್ರಾಣಹಾನಿಯಾಯಿತು. ಒಂದು ಸುಳ್ಳು ಹಲಫನಾಮೆಯು ಒಂದು ನೌಕರಿಯನ್ನಷ್ಟೇ ಕದಿಯುವದಿಲ್ಲ. ಮುಂದೆ ಬರುವ ನೂರು ನಿಜವಾದ ಅರ್ಜಿಗಳ ಮೇಲೆ ಸಂಶಯದ ನೆರಳನ್ನು ಚೆಲ್ಲುತ್ತದೆ.

೬. ಮುಲ್ಕಿಯ ಅವಸಾನ, ಇಂದಿನ ನಿಯಮಗಳು

೧೯೫೦ನೆಯ ಜನವರಿ ೨೬ರಂದು ಭಾರತದ ಸಂವಿಧಾನವು ಜಾರಿಗೆ ಬಂದು, ನಿಜಾಮರ ಪ್ರಜೆಗಳಾಗಿದ್ದವರು ಭಾರತದ ಪ್ರಜೆಗಳಾದರು. ೫ನೆಯ ಅನುಚ್ಛೇದವು ಭಾರತದಲ್ಲಿ ನೆಲೆಯುಳ್ಳವನಿಗೆ ಇಲ್ಲಿಯ ಜನ್ಮ, ತಂದೆ ಅಥವಾ ತಾಯಿಯ ಜನ್ಮ, ಇಲ್ಲವೆ ಹಿಂದಿನ ೫ ವರ್ಷಗಳ ಸಾಮಾನ್ಯವಾಸ ಇವುಗಳಲ್ಲಿ ಒಂದಿದ್ದರೆ ಸಾಕೆಂದಿತು. ಜನ್ಮವೂ ವಾಸವೂ ಒಂದೇ ಸಾಲಿನಲ್ಲಿ ನಿಂತವು. ೧೯೫೬ನೆಯ ನವಂಬರ ೧ರಂದು ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನೆರೆಯ ತೆಲಂಗಾಣದಲ್ಲಿ ಮುಲ್ಕಿ ನಿಯಮಗಳ ವಿವಾದವು ಮುಂದುವರಿಯಿತು. ವಾಸವನ್ನು ನೌಕರಿಗೆ ನಿರ್ಬಂಧವಾಗಿಟ್ಟ ೧೯೫೭ರ ಕಾನೂನಿನ ಭಾಗವನ್ನು ೧೯೬೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ೧೯೭೨ರಲ್ಲಿ ಅದೇ ನ್ಯಾಯಾಲಯವು ಹಳೆಯ ಮುಲ್ಕಿ ನಿಯಮಗಳು ಊರ್ಜಿತವೆಂದಿತು. ೧೯೭೩ರಲ್ಲಿ ಸಂಸತ್ತು ಅವನ್ನು ರದ್ದುಮಾಡಿತು.

ಆದರೆ ಆ ವಿಚಾರವು ನಾಶವಾಗಲಿಲ್ಲ. ೨೦೧೨ರ ೯೮ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ೩೭೧-ಜೆ ಅನುಚ್ಛೇದವು ಹೈದರಾಬಾದ-ಕರ್ನಾಟಕದ ನೌಕರಿಗಳಲ್ಲಿ ಜನ್ಮದಿಂದ ಅಥವಾ ನೆಲೆಯಿಂದ ಆ ಪ್ರದೇಶಕ್ಕೆ ಸೇರಿದವರಿಗೆ ಪಾಲನ್ನು ಕಾಯ್ದಿಡಲು ಅವಕಾಶ ಕೊಟ್ಟಿತು. ೧೯೧೯ರ ನಿಯಮದ ಮೊದಲೆರಡು ಬಗೆಗಳು ಇಲ್ಲಿ ಹೊಸ ಉಡುಪಿನಲ್ಲಿ ಕಾಣುತ್ತವೆ. ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರನ್ನು ಪಡೆದ ಈ ಪ್ರದೇಶದಲ್ಲಿ, ತಾತನು ಪಡೆದ ಮುಲ್ಕಿ ಪತ್ರದ ಜಾಗದಲ್ಲಿ ಮೊಮ್ಮಗನು ಸಹಾಯಕ ಆಯುಕ್ತರ ಅರ್ಹತಾಪತ್ರಕ್ಕಾಗಿ ಅರ್ಜಿ ಬರೆಯುತ್ತಾನೆ.

ಪರದೇಶೀಯನು ಭಾರತದ ಪ್ರಜೆಯಾಗುವ ಕ್ರಮವು ೧೯೫೫ರ ಪೌರತ್ವ ಕಾನೂನಿನ ೬ನೆಯ ಕಲಮಿನಲ್ಲಿಯೂ ಮೂರನೆಯ ಅನುಸೂಚಿಯಲ್ಲಿಯೂ ಇದೆ. ಸಾಮಾನ್ಯಕ್ರಮದಲ್ಲಿ ಅರ್ಜಿಯ ಹಿಂದಿನ ಪೂರ್ಣ ೧೨ ತಿಂಗಳು, ಅದಕ್ಕೂ ಹಿಂದಿನ ೧೪ ವರ್ಷಗಳಲ್ಲಿ ಒಟ್ಟು ೧೧ ವರ್ಷಗಳ ವಾಸವಿರಬೇಕು. ಮೂರು ನೆರೆದೇಶಗಳಿಂದ ೨೦೧೪ರ ಕೊನೆಯೊಳಗೆ ಬಂದ ಆರು ಮತಗಳವರಿಗೆ ೨೦೧೯ರ ತಿದ್ದುಪಡಿಯು ೧೧ನ್ನು ೫ಕ್ಕೆ ಇಳಿಸಿತು. ಒಳ್ಳೆಯ ನಡತೆಯಿರಬೇಕು, ಭಾರತದಲ್ಲಿ ನೆಲೆಸುವ ಉದ್ದೇಶವಿರಬೇಕು, ಮೊದಲಿನ ಪೌರತ್ವವನ್ನು ಬಿಡಲು ಒಪ್ಪಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೊಂದನ್ನು ಸಾಕಷ್ಟು ಬಲ್ಲವನಾಗಿರಬೇಕು. ಭಾಷೆಯ ನಿಯಮವು ೧೯೨೬ರ ಬ್ರಿಟಿಶ್ ಇಂಡಿಯದ ದೇಶೀಕರಣ ಕಾನೂನಿನಲ್ಲಿಯೂ ಇತ್ತು. ಎಂಟನೆಯ ಅನುಸೂಚಿಯಲ್ಲಿ ಕನ್ನಡವೂ ಇರುವದರಿಂದ, ಸೇಡಂದಲ್ಲಿ ನೆಲೆಸಿದ ಪರದೇಶೀಯನು ಕನ್ನಡವೊಂದನ್ನೇ ಕಲಿತು ಭಾರತದ ಪೌರನಾಗಬಹುದು. ಮುಲ್ಕಿಯ ಕಾಲದಲ್ಲಿ ಕನ್ನಡಿಗನು ತನ್ನ ಊರಿನಲ್ಲಿಯೇ ಉರ್ದುವಿನ ಅರ್ಜಿಗೆ ಬರಹಗಾರನನ್ನು ಹುಡುಕಬೇಕಾಗಿದ್ದುದನ್ನು ನೆನೆದರೆ ಈ ಬದಲಾವಣೆಯ ಬೆಲೆ ತಿಳಿಯುವದು.

೭. ಪ್ರಾರ್ಥನಾಪತ್ರದ ಬಲಾಬಲ

ಮೇಲೆ ಹೇಳಿದ ಚರಿತ್ರೆಯಿಂದ ಬಲವಾದ ಅರ್ಜಿಯ ಲಕ್ಷಣವನ್ನು ಹೀಗೆ ನಿರ್ಣಯಿಸಬಹುದು. ಮೊದಲು ಮೂಲಸ್ಥಾನವನ್ನು ಮರೆಮಾಚದೆ ಹೇಳತಕ್ಕದ್ದು. ನಾಗಮಾರ್ಯನ ಶಾಸನವು ಇದಕ್ಕೆ ಮಾದರಿ. ಹುಟ್ಟಿದ ಸ್ಥಳ, ತಂದೆತಾಯಿಗಳ ಹೆಸರು, ಭಾರತಕ್ಕೆ ಬಂದ ದಿನ ಇವುಗಳು ಪಾಸ್‌ಪೋರ್ಟಿನಿಂದ ಮೊದಲ್ಗೊಂಡು ಕೊನೆಯ ಪತ್ರದವರೆಗೆ ಒಂದೇ ಆಗಿರಬೇಕು. ಹೆಸರಿನ ಅಕ್ಷರಭೇದವಿದ್ದರೆ ಅದಕ್ಕೆ ಕಾರಣವನ್ನು ಪ್ರತ್ಯೇಕ ಹಲಫನಾಮೆಯಲ್ಲಿ ತಾನಾಗಿಯೇ ತಿಳಿಸಬೇಕು. ಎದುರಾಳಿಯು ಎತ್ತಿ ತೋರಿಸುವ ವಿರೋಧವು ದೋಷ. ತಾನೇ ಹೇಳಿ ಪರಿಹರಿಸಿದ ವಿರೋಧವು ಗುಣ.

ಎರಡನೆಯದಾಗಿ ವಾಸವನ್ನು ವರ್ಷವರ್ಷವಾಗಿ ಕಟ್ಟಿ ತೋರಿಸಬೇಕು. ಪ್ರತಿಯೊಂದು ವರ್ಷಕ್ಕೂ ಕನಿಷ್ಠ ಒಂದು ಪತ್ರವಿದ್ದರೆ ಸರಪಳಿಯು ತುಂಡಾಗುವದಿಲ್ಲ. ಹತ್ತು ಪತ್ರಗಳು ಒಂದೇ ವರ್ಷದವಾಗಿದ್ದು ಉಳಿದ ವರ್ಷಗಳು ಬರಿದಾಗಿದ್ದರೆ ಅದು ಬಲವಲ್ಲ. ಹೊರಗೆ ಹೋಗಿ ಬಂದ ಅವಧಿಗಳನ್ನು ತಾನೇ ಎಣಿಸಿ ಕಳೆಯಬೇಕು.

ಮೂರನೆಯದು ಸಂಕಲ್ಪ. ಇದು ಎಲ್ಲಕ್ಕಿಂತ ಕಠಿಣ, ಮನಸ್ಸಿಗೆ ಪತ್ರವಿಲ್ಲ. ಆದರೆ ಮನಸ್ಸಿನ ಗುರುತುಗಳು ನಡತೆಯಲ್ಲಿ ಕಾಣುತ್ತವೆ: ಮನೆ ಮಾಡಿದ್ದು, ಮಕ್ಕಳನ್ನು ಊರಿನ ಶಾಲೆಗೆ ಹಾಕಿದ್ದು, ತೆರಿಗೆ ಕೊಟ್ಟದ್ದು, ನೆರೆಯವರ ಭಾಷೆಯನ್ನು ಕಲಿತದ್ದು. ಭಾಷೆಯು ಪ್ರತ್ಯೇಕ ನಿಯಮವಾಗಿದ್ದರೂ ನನ್ನ ದೃಷ್ಟಿಯಲ್ಲಿ ಸಂಕಲ್ಪದ ಮುಖ್ಯ ಸಾಕ್ಷಿಯೂ ಅದೇ. ಮರಳಿ ಹೋಗುವ ವಿಚಾರವಿದ್ದವನು ಸಂತೆಯ ಮಾತಿಗಿಂತ ಹೆಚ್ಚಿನ ಕನ್ನಡವನ್ನು ಕಲಿಯುವ ಶ್ರಮಕ್ಕೆ ಹೋಗುವದಿಲ್ಲ.

ನಾಲ್ಕನೆಯದು ಸಾಕ್ಷಿ. ನಡತೆಯ ಬಗ್ಗೆ ಇಬ್ಬರು ಭಾರತೀಯರ ಹಲಫನಾಮೆಗಳನ್ನು ಇಂದಿನ ಕ್ರಮವು ಬೇಡುತ್ತದೆ; ಸ್ಮೃತಿಯು ಮೂವರನ್ನು ಬೇಡಿತ್ತು. ಸಂಖ್ಯೆಗಿಂತ ಗುಣವೇ ಮುಖ್ಯ. ದೊಡ್ಡ ಪದವಿಯವನಾಗಿದ್ದು ಅರ್ಜಿದಾರನನ್ನು ಒಂದು ಸಲ ಕಂಡವನಿಗಿಂತ, ಹತ್ತು ವರ್ಷ ಬಗಲ ಮನೆಯಲ್ಲಿದ್ದ ಅಂಗಡಿಕಾರನು ಉತ್ತಮ ಸಾಕ್ಷಿ. ವಿಚಾರಣೆಗೆ ಬಂದ ಅಧಿಕಾರಿಯು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವನು ಅವನೇ.

ಇಷ್ಟು ಅಂಗಗಳಲ್ಲಿ ಲಿಖಿತ, ಭುಕ್ತಿ, ಸಾಕ್ಷಿಗಳು ಒಂದನ್ನೊಂದು ಸಮರ್ಥಿಸಿದರೆ ಅರ್ಜಿಯು ಸಿದ್ಧವಾಯಿತು. ಪತ್ರಗಳ ತೂಕದಿಂದ ಅದು ಬಲಿಯುವದಿಲ್ಲ. ಪರಸ್ಪರ ಸಂವಾದದಿಂದ ಬಲಿಯುತ್ತದೆ.

೮. ಉಪಸಂಹಾರ

ವಾಸಮೂಲಕ ಹಕ್ಕು ಕೃಪೆಯಿಂದ ಕೊಟ್ಟ ಭಿಕ್ಷೆಯೆಂದು ಕೆಲವರು ಎಣಿಸುವರು. ಜನ್ಮದಲ್ಲಿ ಮನುಷ್ಯನ ಪ್ರಯತ್ನವೇನೂ ಇಲ್ಲ; ವಾಸದಲ್ಲಿ ಪ್ರತಿದಿನವೂ ಪ್ರಯತ್ನವಿದೆ. ಕಾಗಿಣೆಯ ತೀರದಲ್ಲಿ ರಾಜ್ಯವಾಳಿದ ರಾಷ್ಟ್ರಕೂಟರು ಲಾಟದವನನ್ನೂ ತಾಜಿಕನನ್ನೂ ತಮ್ಮವರೆಂದು ಎಣಿಸಿದರು. ೧೯೧೯ರ ನಿಯಮವು, ಅದರ ಉದ್ದೇಶವು ಸಂಕುಚಿತವಾಗಿದ್ದರೂ, ವಾಸಕ್ಕೆ ಬಾಗಿಲನ್ನು ತೆರೆದೇ ಇಟ್ಟಿತು. ಸಂವಿಧಾನವು ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿತು.

ಇದರ ಜೊತೆಗೆ ಪ್ರಭುತ್ವಕ್ಕೂ ಒಂದು ಕರ್ತವ್ಯವುಂಟು. ಭುಕ್ತಿಯಿದ್ದು ಲಿಖಿತವಿಲ್ಲದವನಿಗೆ ಲಿಖಿತವನ್ನು ಮಾಡಿಕೊಡಬೇಕೆಂಬದೇ ಆ ಕರ್ತವ್ಯ. ೨೦೨೩ನೆಯ ಜನವರಿ ೧೯ರಂದು ಮಳಖೇಡದಲ್ಲಿಯೇ, ತಾಂಡೆಗಳನ್ನು ಕಂದಾಯ ಗ್ರಾಮಗಳೆಂದು ದಾಖಲಿಸಿದುದರ ಫಲವಾಗಿ, ಐದು ಜಿಲ್ಲೆಗಳ ಸುಮಾರು ೫೦ ಸಾವಿರ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಲಾಯಿತು. ಅವರು ಪರದೇಶೀಯರಲ್ಲ, ತಮ್ಮ ನೆಲದಲ್ಲಿಯೇ ಪತ್ರವಿಲ್ಲದೆ ಉಳಿದವರು. ಒಂದು ಕಾಲಕ್ಕೆ ತಾಮ್ರದ ಹಲಗೆಯ ಮೇಲೆ 'ವಾಸ್ತವ್ಯ'ವೆಂದು ಕೊರೆದ ಊರಿನಲ್ಲಿ ಕಾಗದದ ಮೇಲೆ ಅದೇ ಸಂಗತಿಯು ಬರೆಯಲ್ಪಟ್ಟಿತು.

ಈ ತಾಲೂಕುಗಳ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಉರ್ದುವಿನ ಮುಲ್ಕಿ ಪತ್ರಗಳೂ ಹಲಫನಾಮೆಗಳೂ ಉಳಿದಿದ್ದರೆ ಅವನ್ನು ಕಸವೆಂದು ಎಸೆಯಬಾರದು. ತಾಮ್ರಪಟಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ತರುಣ ಸಂಶೋಧಕರು ಅವುಗಳನ್ನು ಪ್ರತಿಮಾಡಿ ರಕ್ಷಿಸತಕ್ಕದ್ದು. ರಾಜರ ಚರಿತ್ರೆಯು ತಾಮ್ರದಲ್ಲಿ ಉಳಿಯಿತು. ಬಂದು ನೆಲೆಸಿದ ಸಾಮಾನ್ಯ ಜನರ ಚರಿತ್ರೆಯು ಈ ಕಾಗದಗಳಲ್ಲಿರುತ್ತದೆ.